ಆ ನಟಿಯ ಕಥೆಯೇ ನನ್ನ ತಂಗಿಯ ಕಥೆಯೂ ಆಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನಾವು ತುಮಕೂರು ಕಡೆಯವರು. ನನ್ನ ತಂಗಿಗೆ 26 ವರ್ಷ. ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದುಕೊಂಡು ಧಾರಾವಾಹಿಗಳಲ್ಲಿ ಪಾತ್ರ ಮಾಡುತ್ತಿದ್ದಳು. ಐದು ತಿಂಗಳಿಂದ ಬೇರೆಯೇ ಹುಡುಗಿ ಆಗಿದ್ದಾಳೆ. ಸೆಟ್‌ನವರು ಕಾಫಿಗೆ ಏನೋ ಬೆರೆಸುತ್ತಾರೆ, ಫೋನ್ ಕದ್ದು ಕೇಳುತ್ತಾರೆ ಅನ್ನುತ್ತಾಳೆ. ಕೆಲಸ ಬಿಟ್ಟು ಮನೆಗೆ ಬಂದಿದ್ದಾಳೆ. ರಾತ್ರಿ ನಿದ್ದೆ ಇಲ್ಲ. ಒಬ್ಬಳೇ ಯಾರೊಂದಿಗೋ ಪಿಸುಗುಡುತ್ತಾಳೆ. ಅಮ್ಮ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ತಾಯತ ಕಟ್ಟಿಸಿದರು. ಆಮೇಲೆ ಡಾಕ್ಟರ್ ಒಬ್ಬರು ಮಾತ್ರೆ ಬರೆದುಕೊಟ್ಟರು. ಅವಳು ನುಂಗಲ್ಲ ಅಂದಳು. ಈಗ ಅಮ್ಮ ಅದನ್ನು ಪುಡಿ ಮಾಡಿ ಸಾರಿಗೆ ಹಾಕುತ್ತಿದ್ದಾರೆ. ನಾಲ್ಕು ದಿನದಿಂದ ಅವಳು ಮನೆಯ ಕಾಫಿಯನ್ನೂ ಮುಟ್ಟುತ್ತಿಲ್ಲ. ಮಾವ ಬಂದಾಗಲೆಲ್ಲ ಬೇಗ ಮದುವೆ ಮಾಡಿ, ಸರಿಹೋಗ್ತಾಳೆ ಅನ್ನುತ್ತಾರೆ. ಗೆಳತಿ ಹೇಳಿದಳು ಅಂತ ಹಿಂದಿಯ ‘ವೋ ಲಮ್ಹೇ’ ಸಿನಿಮಾ ನೋಡಿದೆ. ರಾತ್ರಿಯಿಡೀ ಅತ್ತೆ. ನಿಜವಾಗಲೂ ಈ ಕಾಯಿಲೆ ಹೀಗೇನಾ? ನಟನೆಯ ಲೈನಿಗೆ ಹೋಗಿದ್ದಕ್ಕೇ ಹೀಗಾಯಿತಾ? ಶಾಕ್ ಕೊಡುತ್ತಾರಾ? ನನ್ನ ತಂಗಿಯ ಕೊನೆಯೂ ಆ ನಟಿಯ ಹಾಗೇ ಆಗುತ್ತಾ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಸಿನಿಮಾದ ಮಾತಲ್ಲ, ಸಾರಿನ ಮಾತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಸಿನಿಮಾದ ಭಯವನ್ನು ಬಿಡಿಸಿಕೊಳ್ಳೋಣ. ಆ ಭಯ ಇಟ್ಟುಕೊಂಡು ನೀವು ತಂಗಿಯ ಮುಖ ನೋಡಿದರೆ ನಿಮಗೆ ಕಾಣುವುದು ಅವಳಲ್ಲ, ಆ ನಟಿ.

‘ವೋ ಲಮ್ಹೇ’ ಬಂದದ್ದು 2006ರಲ್ಲಿ. ನಿರ್ದೇಶಕ ಮೋಹಿತ್ ಸೂರಿ, ಕಥೆ ಮಹೇಶ್ ಭಟ್ ಅವರದು. ಸನಾ ಅಜೀಮ್ ಎಂಬ ಹೆಸರಾಂತ ನಟಿಯ ಪಾತ್ರದಲ್ಲಿ ಕಂಗನಾ ರನೌತ್, ಅವಳನ್ನು ಪ್ರೀತಿಸುವ ನಿರ್ದೇಶಕನಾಗಿ ಶೈನಿ ಅಹುಜಾ. ಕಂಗನಾ ಆಗ ಇನ್ನೂ ಹೊಸಬರು, ಇಪ್ಪತ್ತರ ಆಸುಪಾಸು. ಆ ಹುಡುಗಿಯ ಕಣ್ಣಲ್ಲಿ ಕಾಣುವ ಹೆದರಿಕೆ ಸುಳ್ಳಲ್ಲ. ಅಂಥ ಕಣ್ಣುಗಳನ್ನು ನಾನು ನನ್ನ ಟೇಬಲ್ಲಿನ ಆಚೆ ಬದಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಇರುವವರು ಶತ್ರುಗಳಂತೆ ಕಾಣುವುದು, ಇಲ್ಲದವರ ಮಾತು ಕೇಳಿಸುವುದು, ಹತ್ತಿರದವರ ಮೇಲೇ ಅನುಮಾನ ಹೊರಳುವುದು, ಇದನ್ನೆಲ್ಲ ಸಿನಿಮಾ ಚೆನ್ನಾಗಿಯೇ ಹಿಡಿದಿದೆ.

ಈ ಕಥೆಯ ಬೇರು ಹಿಂದಿ ನಟಿ ಪರ್ವೀನ್ ಬಾಬಿ ಅವರ ಬದುಕಿನಲ್ಲಿದೆ ಎಂಬುದು ಗುಟ್ಟೇನಲ್ಲ. ಜುನಾಗಢದಲ್ಲಿ ಹುಟ್ಟಿ, 1973ರಲ್ಲಿ ಸಿನಿಮಾಕ್ಕೆ ಬಂದವರು. 1975ರ ‘ದೀವಾರ್’ ಅವರನ್ನು ಎಲ್ಲರ ಮನೆಮಾತು ಮಾಡಿತು. 1976ರಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. 1979ರ ಹೊತ್ತಿಗೆ ಅವರು ಮಹೇಶ್ ಭಟ್ ಜೊತೆಗಿದ್ದರು. ಒಂದು ದಿನ ಮನೆಗೆ ಬಂದಾಗ ಪರ್ವೀನ್ ಶೂಟಿಂಗ್‌ನ ಬಟ್ಟೆಯಲ್ಲೇ ಮೂಲೆಯಲ್ಲಿ ಮುದುರಿ ಕೂತಿದ್ದರು, ಕೈಯಲ್ಲಿ ಅಡುಗೆ ಮನೆಯ ಚಾಕು ಇತ್ತು, ನಮ್ಮನ್ನು ಕೊಲ್ಲಲು ಬಂದಿದ್ದಾರೆ, ಸದ್ದು ಮಾಡಬೇಡ ಅಂದರು ಎಂದು ಭಟ್ ಹೇಳಿಕೊಂಡಿದ್ದಾರೆ. ಆ ದಿನಗಳಲ್ಲಿ ಪರ್ವೀನ್ ಅವರನ್ನು ಬೆಂಗಳೂರಿಗೆ, ತತ್ತ್ವಚಿಂತಕ ಯು.ಜಿ. ಕೃಷ್ಣಮೂರ್ತಿ ಅವರ ಬಳಿಗೂ ಕರೆತಂದಿದ್ದರು.

ಒಂದು ಮಾತು ಇಲ್ಲೇ ಹೇಳಬೇಕು. ನಾನು ಪರ್ವೀನ್ ಅವರನ್ನು ನೋಡಿದವನಲ್ಲ. ನೋಡದವರಿಗೆ ಕಾಯಿಲೆಯ ಹೆಸರು ಅಂಟಿಸುವುದು ನಮ್ಮ ವೃತ್ತಿಗೆ ಸಲ್ಲುವುದಿಲ್ಲ. ಅವರಿಗೆ ಸ್ಕಿಜೋಫ್ರೇನಿಯಾ, ಅಂದರೆ ಭ್ರಮೆ, ಇಲ್ಲದ ಮಾತು ಕೇಳಿಸುವಿಕೆ ಕಾಡುವ ಮನೋರೋಗ ಎಂದು ಹೇಳಿದವರು ಅವರ ಹತ್ತಿರದವರು. ಪರ್ವೀನ್ ಮಾತ್ರ ಅದನ್ನು ಒಪ್ಪಲಿಲ್ಲ. ತನ್ನನ್ನು ಹುಚ್ಚಿ ಎಂದು ಬಿಂಬಿಸುತ್ತಿದ್ದಾರೆ ಎಂದೇ ಹೇಳುತ್ತಾ ಬಂದರು. ಇನ್ನೊಂದು ವಿಷಯ ಗಮನಿಸಿ. 1982ರ ‘ಅರ್ಥ್’ ಚಿತ್ರದಲ್ಲಿ ಸ್ಮಿತಾ ಪಾಟೀಲ್ ಮಾಡಿದ ನಟಿಯ ಪಾತ್ರಕ್ಕೂ ಇದೇ ಬದುಕು ಮೂಲ. ಅದನ್ನು ಹೇಳಿದ್ದೂ ಭಟ್ ಅವರೇ. ಅಂದರೆ ನಾವು ಸಿನಿಮಾದಲ್ಲಿ ನೋಡುತ್ತಿರುವುದು ಆ ಹೆಣ್ಣುಮಗಳ ಕಥೆಯನ್ನಲ್ಲ, ಅವರನ್ನು ಪ್ರೀತಿಸಿ ಬಿಟ್ಟುಬಂದ ಗಂಡಸಿನ ನೆನಪನ್ನು. ನೆನಪಿನಲ್ಲಿ ನೋವು ಇರುತ್ತೆ, ತಪ್ಪಿತಸ್ಥ ಭಾವ ಇರುತ್ತೆ. ಮಂಗಳವಾರ ಎಷ್ಟು ಮಾತ್ರೆ ನುಂಗಿದರು, ಬುಧವಾರ ಎಷ್ಟು ಗಂಟೆ ಮಲಗಿದರು ಅನ್ನೋದು ಇರುವುದಿಲ್ಲ. ಆದರೆ ಈ ಕಾಯಿಲೆ ವಾಸಿಯಾಗುವುದೂ ಮರುಕಳಿಸುವುದೂ ಆ ಮಂಗಳವಾರ ಬುಧವಾರಗಳಲ್ಲೇ.

ನಿಮ್ಮನ್ನು ಅಳಿಸಿದ್ದು ಸಿನಿಮಾದ ಕೊನೆ ಅಂತ ಕಾಣುತ್ತೆ. ಕಾಯಿಲೆ ಶುರುವಾಯಿತು, ಅಲ್ಲಿಂದ ಇಳಿಜಾರು, ತಳದಲ್ಲಿ ಸಾವು. ನಿಜವಾದ ಬದುಕಿನ ಇಸವಿಗಳನ್ನು ಜೋಡಿಸಿ ನೋಡಿ. ಮೊದಲ ಸಲ ಅವರು ಹಾಗೆ ಕುಸಿದದ್ದು 1979ರಲ್ಲಿ. ‘ಶಾನ್’ ಬಂದದ್ದು 1980ರಲ್ಲಿ. ‘ಕಾಲಿಯಾ’ 1981ರಲ್ಲಿ. ‘ನಮಕ್ ಹಲಾಲ್’ 1982ರಲ್ಲಿ. ಇವತ್ತಿಗೂ ಮದುವೆ ಮನೆಗಳಲ್ಲಿ ಹಾಕುವ ‘ಜವಾನಿ ಜಾನೇಮನ್’ ಹಾಡಿಗೆ ಅವರು ಕುಣಿದದ್ದು ಆ ಚಿತ್ರದಲ್ಲಿ. ಕುಸಿದ ಮೇಲೂ ಮೂರ್ನಾಲ್ಕು ವರ್ಷ ಅವರು ಕ್ಯಾಮೆರಾ ಮುಂದೆ ನಿಂತಿದ್ದಾರೆ, ದುಡಿದಿದ್ದಾರೆ. 1983ರಲ್ಲಿ ಎಲ್ಲ ಬಿಟ್ಟು ಹೊರಟುಹೋದರು. 1984ರಲ್ಲಿ ನ್ಯೂಯಾರ್ಕ್‌ನ ವಿಮಾನ ನಿಲ್ದಾಣದಲ್ಲಿ ಅವರ ಕೈಗೆ ಬೇಡಿ ಹಾಕಿ ಆಸ್ಪತ್ರೆಗೆ ಸೇರಿಸಿದ ಘಟನೆ ನಡೆಯಿತು. 1989ರಲ್ಲಿ ಮುಂಬೈಗೆ ಮರಳಿದರು. ಮತ್ತೆ ಹದಿನೈದು ವರ್ಷ ಬದುಕಿದರು. ಇದು ಒಂದೇ ಇಳಿಜಾರಲ್ಲ. ಏರು ಇತ್ತು, ಸಮತಟ್ಟಾದ ಜಾಗಗಳಿದ್ದವು. ಎರಡು ಗಂಟೆ ಚಿಲ್ಲರೆಯ ಸಿನಿಮಾದಲ್ಲಿ ಅದಕ್ಕೆಲ್ಲ ಜಾಗ ಇಲ್ಲ, ಅಷ್ಟೇ.

ಕೊನೆಯ ವಿಷಯವನ್ನೂ ಮುಚ್ಚಿಡದೆ ಹೇಳುತ್ತೇನೆ. 2005ರ ಜನವರಿಯಲ್ಲಿ ಜುಹುವಿನ ಅವರ ಫ್ಲ್ಯಾಟ್ ಬಾಗಿಲ ಮುಂದೆ ಹಾಲಿನ ಪ್ಯಾಕೆಟ್ಟು, ಪೇಪರ್ರು ಮೂರು ದಿನ ಹಾಗೇ ಬಿದ್ದಿದ್ದವು. ಅದನ್ನು ನೋಡಿ ಕಟ್ಟಡದವರು ಪೊಲೀಸರಿಗೆ ತಿಳಿಸಿದರು. 22ನೇ ತಾರೀಕು ಬಾಗಿಲು ತೆರೆದಾಗ ಅವರು ತೀರಿಕೊಂಡು ಆಗಲೇ ದಿನಗಳಾಗಿದ್ದವು. ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಅದು ಕೈಮೀರಿತ್ತು. ನನ್ನ ಬಳಿ ಕಲಿಯಲು ಬರುವ ಹುಡುಗರಿಗೆ ನಾನು ಈ ಹಾಲಿನ ಪ್ಯಾಕೆಟ್ಟಿನ ವಿಷಯವನ್ನು ಪ್ರತಿ ವರ್ಷ ಹೇಳುತ್ತೇನೆ. ಕಿವಿಯಲ್ಲಿ ಕೇಳಿಸುವ ಮಾತು ಅವರನ್ನು ಕೊಲ್ಲಲಿಲ್ಲ. ದಿನಾ ಬೆಳಿಗ್ಗೆ ಬಾಗಿಲು ತಟ್ಟಿ ‘ತಿಂಡಿ ಆಯ್ತಾ, ಇನ್ಸುಲಿನ್ ತಗೊಂಡ್ರಾ’ ಅಂತ ಕೇಳುವವರು ಇರಲಿಲ್ಲ. ಅನುಮಾನ ಒಬ್ಬೊಬ್ಬರನ್ನೇ ದೂರ ತಳ್ಳಿತು. ತಳ್ಳಿಸಿಕೊಂಡವರು ತಿರುಗಿ ಬರಲಿಲ್ಲ. ನಿಮ್ಮ ತಂಗಿಯ ಬಾಗಿಲ ಮುಂದೆ ಹಾಲು ಮೂರು ದಿನ ಬಿದ್ದಿರುತ್ತಾ ಹೇಳಿ? ನೀವಿದ್ದೀರಿ. ಅಮ್ಮ ಇದ್ದಾರೆ. ಐದೇ ತಿಂಗಳಿಗೆ ಡಾಕ್ಟರ್ ಹತ್ತಿರ ಹೋಗಿದ್ದೀರಿ. ಎಷ್ಟೋ ಮನೆಗಳವರು ನಮ್ಮ ಹತ್ತಿರ ಬರುವಾಗ ಮೂರು ನಾಲ್ಕು ವರ್ಷ ಕಳೆದಿರುತ್ತೆ.

ಇನ್ನು ಕಾಯಿಲೆಯ ವಿಷಯ. ಪತ್ರ ನೋಡಿ ನಾನು ಹೆಸರು ಹೇಳಲಾರೆ. ನೀವು ಬರೆದದ್ದನ್ನು ನಾವು ಸೈಕೋಸಿಸ್ ಅನ್ನುತ್ತೇವೆ. ಮನಸ್ಸು ಹೊರಗಿನ ನಿಜವನ್ನೂ ಒಳಗಿನ ಭಯವನ್ನೂ ಬೇರೆ ಮಾಡಿ ನೋಡಲು ಆಗದ ಸ್ಥಿತಿ ಅದು. ಸ್ಕಿಜೋಫ್ರೇನಿಯಾದಲ್ಲಿ ಹೀಗಾಗುತ್ತೆ. ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಓಲಾಡುವ ಬೈಪೋಲಾರ್ ಕಾಯಿಲೆಯಲ್ಲಿ, ತೀವ್ರ ಖಿನ್ನತೆಯಲ್ಲೂ ಆಗುತ್ತೆ. ಗಾಂಜಾ ಸೇವನೆಯಿಂದ ಆಗುವುದುಂಟು. ಥೈರಾಯ್ಡ್ ಏರುಪೇರು, ಬಿ12 ಕೊರತೆ, ಮೆದುಳಿನ ಕೆಲವು ತೊಂದರೆಗಳಲ್ಲೂ ಕಾಣಿಸಬಹುದು. ಹಾಗಾಗಿ ರಕ್ತ ಪರೀಕ್ಷೆ ಆಗಿದೆಯಾ ನೋಡಿ, ಆಗಿಲ್ಲದಿದ್ದರೆ ಕೇಳಿ ಮಾಡಿಸಿ. ಸ್ಕಿಜೋಫ್ರೇನಿಯಾ ಅಂದರೆ ಒಬ್ಬಳಲ್ಲಿ ಇಬ್ಬರು ಇರುವುದು ಅಂತ ಸಿನಿಮಾಗಳೇ ನಮ್ಮ ತಲೆಗೆ ತುಂಬಿವೆ. ಅದು ತಪ್ಪು. ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಇರುವ ಕಾಯಿಲೆ ಇದು. ಸಾಮಾನ್ಯವಾಗಿ ಹದಿನೆಂಟು ಇಪ್ಪತ್ತರಿಂದ ಮೂವತ್ತರ ಒಳಗೆ ಕಾಣಿಸಿಕೊಳ್ಳುತ್ತೆ. ಹೆಣ್ಣುಮಕ್ಕಳಲ್ಲಿ ಸ್ವಲ್ಪ ತಡವಾಗಿ. ಇವರಲ್ಲಿ ಮೂವರಲ್ಲಿ ಒಬ್ಬರಾದರೂ ಪೂರ್ತಿ ಚೇತರಿಸಿಕೊಳ್ಳಬಲ್ಲರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದವರಲ್ಲಿ ಬಹಳ ಜನ ಮಾತ್ರೆಯ ಜೊತೆ ಕೆಲಸ, ಸಂಸಾರ ನಡೆಸಿಕೊಂಡು ಇರುತ್ತಾರೆ. ನನ್ನಲ್ಲಿಗೆ ಬರುವವರಲ್ಲಿ ಟೀಚರ್ ಇದ್ದಾರೆ, ಟೈಲರ್ ಇದ್ದಾರೆ, ಬಸ್ ಕಂಡಕ್ಟರ್ ಇದ್ದಾರೆ. ಅವರ ಮೇಲೆ ಯಾರೂ ಸಿನಿಮಾ ಮಾಡುವುದಿಲ್ಲ.

ನಟನೆಯಿಂದ ಬಂತಾ ಎಂದು ಕೇಳಿದ್ದೀರಿ. ಇಲ್ಲ. ಇದರ ಬೇರು ಮೆದುಳಿನ ರಸಾಯನದಲ್ಲಿ, ಸ್ವಲ್ಪ ಮಟ್ಟಿಗೆ ವಂಶದಲ್ಲಿ ಇರುತ್ತೆ. ಆದರೆ ಆ ಕೆಲಸದ ರೀತಿ ಕಾಯಿಲೆಗೆ ದಾರಿ ಸುಲಭ ಮಾಡಿಕೊಡುತ್ತದೆ. ರಾತ್ರಿ ಎರಡು ಗಂಟೆವರೆಗೆ ಶೂಟಿಂಗ್, ಬೆಳಿಗ್ಗೆ ಏಳಕ್ಕೆ ಮೇಕಪ್. ನಿದ್ದೆಗೆಡುವುದು ಸೈಕೋಸಿಸ್‌ಗೆ ಹೊಸ್ತಿಲು ಇದ್ದಂತೆ. ಮತ್ತೆ, ನಿಜವಾಗಿಯೂ ನೂರು ಜನ ದಿನವಿಡೀ ನಮ್ಮನ್ನು ನೋಡುವ ಕೆಲಸ ಅದು. ನಮ್ಮ ಬಗ್ಗೆ ಹಿಂದಿನಿಂದ ಮಾತಾಡುವುದೂ ಅಲ್ಲಿ ಸುಳ್ಳಲ್ಲ. ಹಾಗಾಗಿ ‘ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ’ ಎಂಬ ಭ್ರಮೆ ಶುರುವಾದಾಗ, ಅದು ಭ್ರಮೆ ಅಂತ ಸುತ್ತಲಿನವರಿಗೆ ತಿಳಿಯಲು ತಡವಾಗುತ್ತೆ. ಅವಳಿಗೂ ಅದೇ ಕಷ್ಟ. ಅವಳು ಆ ಕೆಲಸಕ್ಕೆ ಹೋದದ್ದು ತಪ್ಪು ಅಂತ ಮಾತ್ರ ಯಾರೂ ಅವಳ ಮುಂದೆ ಹೇಳಬೇಡಿ. ಚೇತರಿಸಿಕೊಂಡ ಮೇಲೆ ಅವಳು ಎದ್ದು ನಿಲ್ಲಲು ಹಿಡಿದುಕೊಳ್ಳುವ ಕಂಬ ಆ ಕೆಲಸವೇ ಆಗಿರಬಹುದು.

ದೀಪಿಕಾ ಪಡುಕೋಣೆ ಬೆಂಗಳೂರಲ್ಲಿ ಬೆಳೆದ ಹುಡುಗಿ. ತನಗೆ ಖಿನ್ನತೆ ಇತ್ತು, ಚಿಕಿತ್ಸೆ ತಗೊಂಡೆ ಎಂದು 2015ರಲ್ಲಿ ಎಲ್ಲರ ಮುಂದೆ ಹೇಳಿದರು. ಅದು ದೊಡ್ಡ ಕೆಲಸ. ಆದರೆ ಖಿನ್ನತೆ ಬೇರೆ, ಸೈಕೋಸಿಸ್ ಬೇರೆ. ಖಿನ್ನತೆ ಇದ್ದವರಿಗೆ ಸಾಮಾನ್ಯವಾಗಿ ತನಗೇನೋ ಆಗಿದೆ ಅಂತ ಗೊತ್ತಿರುತ್ತೆ. ನಿಮ್ಮ ತಂಗಿಗೆ ಈಗ ಅದು ಗೊತ್ತಿಲ್ಲ. ಅವಳ ಪಾಲಿಗೆ ಕಾಯಿಲೆಯೇ ಇಲ್ಲ, ಇರುವುದು ಅಪಾಯ. ಅಪಾಯದಲ್ಲಿ ಇರುವವರಿಗೆ ‘ಮಾತ್ರೆ ನುಂಗು’ ಅಂದರೆ ಹೇಗೆ ಕೇಳಿಸುತ್ತೆ? ಮನೆಗೆ ಕಳ್ಳ ನುಗ್ಗಿದ್ದಾನೆ ಅಂತ ನೀವು ಕೂಗುವಾಗ ಯಾರೋ ಬಂದು ನಿಮಗೇ ನಿದ್ದೆ ಮಾತ್ರೆ ಕೊಟ್ಟಂತೆ. ಅವಳು ಬೇಡ ಅನ್ನುವುದು ಹಟ ಅಲ್ಲ. ಅದೂ ಕಾಯಿಲೆಯ ಒಂದು ಭಾಗ.

ಈಗ ಸಾರಿನ ಮಾತು.

ಅಮ್ಮನ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಮಗಳು ಕಣ್ಣೆದುರೇ ಕರಗುತ್ತಿರುವಾಗ ಯಾವ ತಾಯಿಯಾದರೂ ಮಾಡುವ ಕೆಲಸ ಅದು. ನಮ್ಮ ಕಡೆ ಎಷ್ಟು ಮನೆಗಳಲ್ಲಿ ನಡೆಯುತ್ತೆ ಅಂದರೆ, ನಾನು ಮೊದಲ ದಿನವೇ ಕೇಳಿಬಿಡುತ್ತೇನೆ, ಊಟದಲ್ಲಿ ಏನಾದರೂ ಬೆರೆಸುತ್ತಿದ್ದೀರಾ ಅಂತ. ಆದರೆ ಒಂದು ಕ್ಷಣ ತಂಗಿಯ ಕಡೆಯಿಂದ ನೋಡಿ. ಅವಳ ಭ್ರಮೆ ಏನು? ನನ್ನ ಕಾಫಿಗೆ ಯಾರೋ ಏನೋ ಬೆರೆಸುತ್ತಾರೆ ಅನ್ನೋದು. ಸೆಟ್‌ನಲ್ಲಿ ಅದು ಸುಳ್ಳಾಗಿತ್ತು. ಮನೆಯಲ್ಲಿ ಈಗ ಅದು ನಿಜ.

ಹಲವು ವರ್ಷಗಳ ಹಿಂದೆ ಒಬ್ಬ ಹುಡುಗಿ ಬಂದಿದ್ದಳು. ಅವರಮ್ಮ ರಾಗಿ ಮುದ್ದೆ ಕಟ್ಟುವಾಗ ಮಗಳ ಮುದ್ದೆಗೆ ಮಾತ್ರ ಮಾತ್ರೆ ಪುಡಿ ಸೇರಿಸುತ್ತಿದ್ದರು. ಮುದ್ದೆಯಾದರೆ ಅಗಿಯದೆ ನುಂಗುತ್ತಾಳೆ, ಕಹಿ ಗೊತ್ತಾಗಲ್ಲ ಅನ್ನೋದು ಅವರ ಲೆಕ್ಕ. ಒಂದು ಮಧ್ಯಾಹ್ನ ಹುಡುಗಿ ಮುದ್ದೆ ಮುರಿದಾಗ ಒಳಗೆ ಬಿಳಿ ಚೂರು ಕಂಡಿತು. ಅವಳು ಕೂಗಾಡಲಿಲ್ಲ. ತಟ್ಟೆಯನ್ನು ಮೆಲ್ಲಗೆ ಅಮ್ಮನ ಮುಂದೆ ಸರಿಸಿ, ‘ನೀನೂನಾ’ ಅಂದಳಂತೆ. ಆಮೇಲೆ ನಾಲ್ಕು ತಿಂಗಳು ಮನೆಯಲ್ಲಿ ಬೇಯಿಸಿದ ಏನನ್ನೂ ತಿನ್ನಲಿಲ್ಲ. ಬಾಳೆಹಣ್ಣು, ಅಂಗಡಿಯ ಬ್ರೆಡ್ಡು, ತಾನೇ ಒಡೆಸಿದ ಎಳನೀರು, ಅಷ್ಟೇ. ಅಮ್ಮ ಅದನ್ನು ಹೇಳುವಾಗ ಸೆರಗಿನ ಅಂಚು ತಿರುಚುತ್ತಲೇ ಇದ್ದರು. ಆ ಹುಡುಗಿಯನ್ನು ಮತ್ತೆ ಅಮ್ಮನ ಕೈ ಊಟಕ್ಕೆ ಕೂರಿಸಲು ನಮಗೆ ಒಂದು ವರ್ಷ ಬೇಕಾಯಿತು. ಕಾಯಿಲೆ ಅದಕ್ಕಿಂತ ಬೇಗ ಹತೋಟಿಗೆ ಬಂದಿತ್ತು.

ನಿಮ್ಮ ತಂಗಿ ನಾಲ್ಕು ದಿನದಿಂದ ಮನೆಯ ಕಾಫಿ ಬಿಟ್ಟಿದ್ದಾಳೆ ಅಂದರೆ ಅವಳಿಗೆ ಏನೋ ಸುಳಿವು ಸಿಕ್ಕಿರಬಹುದು. ರುಚಿ ಇರಬಹುದು, ಅಮ್ಮನ ಮುಖ ಇರಬಹುದು. ಜೊತೆಗೆ ಬೇರೆ ತೊಂದರೆಯೂ ಇದೆ. ಕೆಲವು ಮಾತ್ರೆಗಳನ್ನು ಪುಡಿ ಮಾಡಲೇಬಾರದು. ಸಾರು ಅರ್ಧ ಬಿಟ್ಟರೆ ಅರ್ಧ ಮಾತ್ರೆ ಹೋಯಿತು. ಎಷ್ಟು ಒಳಗೆ ಹೋಯಿತು ಅಂತ ಗೊತ್ತಿಲ್ಲದೆ ಡಾಕ್ಟರ್ ಪ್ರಮಾಣ ಏರಿಸುತ್ತಾರೆ. ನಿದ್ದೆ, ಕೈ ನಡುಕ, ಮೈ ಬಿಗಿತ ಬಂದರೆ ಅವಳಿಗೆ ಕಾರಣವೇ ತಿಳಿಯುವುದಿಲ್ಲ. ‘ನನಗೆ ವಿಷ ಹಾಕಿದ್ದಾರೆ’ ಅನ್ನೋದಕ್ಕೆ ಮೈಯೇ ಸಾಕ್ಷಿ ಹೇಳುತ್ತೆ.

ಹಾಗಾದರೆ ಏನು ಮಾಡೋದು? ಈ ವಾರವೇ ಆ ಡಾಕ್ಟರ್ ಹತ್ತಿರ ಹೋಗಿ ನಡೆದದ್ದನ್ನು ಇದ್ದ ಹಾಗೇ ಹೇಳಿ. ತಂಗಿ ಬರದಿದ್ದರೆ ಮೊದಲು ನೀವು ಹೋಗಿ. ನೀವಾಗೇ ಪ್ರಮಾಣ ಬದಲಿಸಬೇಡಿ. ಬಾಯಲ್ಲಿ ಇಟ್ಟರೆ ಕರಗುವ ಮಾತ್ರೆಗಳಿವೆ. ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ ಕೊಡುವ ಇಂಜೆಕ್ಷನ್ ಇದೆ. ದಿನಾ ಮಾತ್ರೆಗಾಗಿ ಜಗಳ ಆಡುವ ಬದಲು ತಿಂಗಳಿಗೆ ಒಂದು ಇಂಜೆಕ್ಷನ್ ಒಪ್ಪಿಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಅವಳನ್ನು ಕರೆದೊಯ್ಯುವಾಗ ‘ನಿನಗೆ ತಲೆ ಸರಿಯಿಲ್ಲ’ ಅನ್ನಬೇಡಿ. ಅವಳಿಗೇ ಬೇಡವಾಗಿರುವ ಒಂದು ಕಷ್ಟ ಇದೆಯಲ್ಲ, ನಿದ್ದೆ. ಅದನ್ನು ಹಿಡಿಯಿರಿ. ‘ಎಷ್ಟು ರಾತ್ರಿ ಆಯ್ತು ನೀನು ಮಲಗಿ, ನಿದ್ದೆಗಾದ್ರೂ ಏನಾದ್ರೂ ಕೇಳೋಣ ಬಾ’ ಅನ್ನಿ. ಇದು ಮೋಸ ಅಲ್ಲ. ನಿಜವಾಗಲೂ ಮೊದಲು ಸರಿಹೋಗಬೇಕಾದ್ದು ನಿದ್ದೆಯೇ.

ಅವಳು ‘ಫೋನ್ ಕೇಳಿಸಿಕೊಳ್ತಿದ್ದಾರೆ’ ಅಂದಾಗ ಹೌದು ಅನ್ನಬೇಡಿ, ಇಲ್ಲ ಅಂತ ವಾದಕ್ಕೂ ಇಳಿಯಬೇಡಿ. ವಾದದಲ್ಲಿ ಭ್ರಮೆ ಸೋತದ್ದನ್ನು ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿಲ್ಲ. ‘ನನಗೆ ಹಾಗೆ ಅನಿಸ್ತಿಲ್ಲ. ಆದ್ರೆ ನಿನಗೆ ತುಂಬ ಭಯ ಆಗಿದೆ ಅಂತ ಗೊತ್ತಾಗ್ತಿದೆ. ನಾನು ಇಲ್ಲೇ ಇರ್ತೀನಿ’ ಅನ್ನಿ. ಅಷ್ಟು ಸಾಕು. ಮಾತಾಡದೆ ಪಕ್ಕದಲ್ಲಿ ಸುಮ್ನೆ ಕೂತರೂ ಆಯಿತು.

ಶಾಕ್ ಬಗ್ಗೆ ಹೇಳಲೇಬೇಕು, ಏಕೆಂದರೆ ‘ವೋ ಲಮ್ಹೇ’ ಇಲ್ಲಿ ಅನ್ಯಾಯ ಮಾಡಿದೆ ಎಂದು ನನಗನಿಸುತ್ತದೆ. ನಟಿಯನ್ನು ಬೇಗ ಸೆಟ್‌ಗೆ ಮರಳಿಸಬೇಕು ಎಂಬ ಒತ್ತಡ, ಅದಕ್ಕಾಗಿ ಶಾಕ್, ಅದರಿಂದ ಅವಳನ್ನು ತಪ್ಪಿಸಿ ಕರೆದೊಯ್ಯುವ ಪ್ರೇಮಿ. ಹಾಗೆ ತೋರಿಸಿದರೆ ನೋಡುವವರಿಗೆ ಆಸ್ಪತ್ರೆಯೇ ಖಳನಾಯಕ. ನಿಜ ಜೀವನದಲ್ಲೂ ಅಂಥ ಒತ್ತಡ ಇತ್ತೆಂದು ಭಟ್ ಹೇಳಿದ್ದಾರೆ. ದುಡಿಸಿಕೊಳ್ಳಲಿಕ್ಕಾಗಿ ಒಬ್ಬರಿಗೆ ಶಾಕ್ ಕೊಡಿಸುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಿಕಿತ್ಸೆ ಆ ಒತ್ತಡಕ್ಕಿಂತ ಬೇರೆ ವಿಷಯ.

ಇವತ್ತು ಇಸಿಟಿ, ಅಂದರೆ ಜನ ಶಾಕ್ ಅನ್ನುವ ಚಿಕಿತ್ಸೆ, ಹೇಗೆ ನಡೆಯುತ್ತೆ ಹೇಳುತ್ತೇನೆ. ರಾತ್ರಿಯಿಂದ ಹೊಟ್ಟೆ ಖಾಲಿ ಇಟ್ಟಿರುತ್ತಾರೆ. ಬೆಳಿಗ್ಗೆ ಕೈಗೆ ಸೂಜಿ ಹಾಕುತ್ತಾರೆ, ಅರಿವಳಿಕೆ ವೈದ್ಯರು ಪಕ್ಕದಲ್ಲಿ ಇರುತ್ತಾರೆ. ಒಂದು ನಿಮಿಷದಲ್ಲಿ ನಿದ್ದೆ. ಮಾಂಸಖಂಡ ಸಡಿಲವಾಗಲು ಔಷಧಿ. ಹಲ್ಲಿಗೆ ಪೆಟ್ಟಾಗದಂತೆ ಬಾಯಲ್ಲಿ ಮೆತ್ತನೆಯ ಗಾರ್ಡು. ಆಮೇಲೆ ಕೆಲವೇ ಸೆಕೆಂಡು ವಿದ್ಯುತ್. ನೋಡಿದರೆ ಕಾಲಿನ ಬೆರಳು ಸಣ್ಣಗೆ ಅದುರುತ್ತೆ, ಕೆಲವೊಮ್ಮೆ ಅಷ್ಟೂ ಇಲ್ಲ. ಹತ್ತು ಹದಿನೈದು ನಿಮಿಷಕ್ಕೆ ಎಚ್ಚರ. ಸ್ವಲ್ಪ ತಲೆನೋವು, ಆ ದಿನಗಳ ಆಸುಪಾಸಿನ ಮರೆವು ಇರುತ್ತೆ. ಮರೆವು ಬಹಳ ಜನರಿಗೆ ವಾರಗಳಲ್ಲಿ ತಿಳಿಯಾಗುತ್ತೆ, ಕೆಲವರಿಗೆ ಕೆಲವು ನೆನಪು ಮರಳುವುದಿಲ್ಲ. ಅದನ್ನು ಮೊದಲೇ ಹೇಳಬೇಕು. ಅರಿವಳಿಕೆ, ಸಡಿಲಿಸುವ ಔಷಧಿ ಇಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಸರಪಳಿ ಹಾಕುವುದನ್ನೂ ಅದೇ ಕಾಯ್ದೆ ನಿಷೇಧಿಸಿದೆ. ದಿನಗಟ್ಟಲೆ ಅನ್ನ ನೀರು ಬಿಟ್ಟವರು, ಮಾತೇ ನಿಂತು ಕಲ್ಲಿನ ಹಾಗೆ ಕೂತವರು, ಸಾಯಲೇಬೇಕು ಎಂದು ಹೊರಟವರು, ಇಂಥವರಿಗೆ ಇದು ಜೀವ ಉಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹನಿ ನೀರು ನುಂಗದೆ ಬಂದ ಒಬ್ಬ ಹೆಂಗಸು ಮೂರನೇ ಸಲದ ನಂತರ ಎದ್ದು ಕೂತು ಇಡ್ಲಿಗೆ ಚಟ್ನಿ ಜಾಸ್ತಿ ಬೇಕು ಅಂದರು. ವಾರ್ಡಿನ ನರ್ಸ್ ಓಡಿಬಂದು ನನಗೆ ಹೇಳಿದರು, ಕಣ್ಣಲ್ಲಿ ನೀರಿತ್ತು. ನಿಮ್ಮ ತಂಗಿಗೆ ಸದ್ಯಕ್ಕೆ ಅದು ಬೇಕು ಅಂತ ನಿಮ್ಮ ಪತ್ರದಲ್ಲಿ ನನಗೇನೂ ಕಾಣಲಿಲ್ಲ. ಮೊದಲ ದಾರಿ ಮಾತ್ರೆಯೇ. ಸರಿಯಾದ ಪ್ರಮಾಣದಲ್ಲಿ ನಾಲ್ಕರಿಂದ ಆರು ವಾರ ಒಳಗೆ ಹೋಗಬೇಕು, ಆಮೇಲೆ ಕೆಲಸ ಮಾಡುತ್ತಿದೆಯಾ ಇಲ್ಲವಾ ಅಂತ ತೀರ್ಮಾನ. ನೆಟ್ಟಗಾದ ಮೇಲೂ ಒಂದೆರಡು ವರ್ಷ ಮುಂದುವರಿಸಬೇಕಾಗುತ್ತೆ. ತೂಕ, ಸಕ್ಕರೆ, ಮುಟ್ಟಿನ ಏರುಪೇರು ಗಮನಿಸುತ್ತಿರಬೇಕು. ಹುಡುಗಿ ಕ್ಯಾಮೆರಾ ಮುಂದೆ ನಿಲ್ಲುವವಳು. ತೂಕ ಏರಿದರೆ ಮಾತ್ರೆ ಬಿಟ್ಟುಬಿಡುತ್ತಾಳೆ. ಅದನ್ನು ಡಾಕ್ಟರಿಗೆ ಮೊದಲೇ ಹೇಳಿ, ಬೇರೆ ಮಾತ್ರೆ ಆರಿಸಬಹುದು.

ಮಾವ ಹೇಳಿದ ಮದುವೆಯ ಮಾತಿಗೆ ಬರೋಣ. ಸಿನಿಮಾದ ಪ್ರೇಮಿಗೂ ನಿಮ್ಮ ಮಾವನಿಗೂ ಒಂದೇ ನಂಬಿಕೆ, ಗಂಡಸಿನ ಪ್ರೀತಿ ಸಿಕ್ಕರೆ ಹೆಣ್ಣಿನ ತಲೆ ಸರಿಹೋಗುತ್ತೆ ಅಂತ. ಸಿನಿಮಾ ಕೊನೆಗೆ ಅದು ಸುಳ್ಳು ಅಂತ ತೋರಿಸಿತಲ್ಲ. ಅದನ್ನಾದರೂ ಅವರಿಗೆ ತೋರಿಸಿ. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದ ಮನೆಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಒಂದೇ. ಗೊತ್ತಾಗಬಾರದು ಅಂತ ಮಾತ್ರೆ ನಿಲ್ಲಿಸುತ್ತಾರೆ. ಛತ್ರದ ಗದ್ದಲದಲ್ಲಿ ನಾಲ್ಕು ರಾತ್ರಿ ನಿದ್ದೆ ಇರುವುದಿಲ್ಲ. ಹೊಸ ಮನೆ, ಹೊಸ ಜನ. ಎರಡು ಮೂರು ತಿಂಗಳಿಗೆ ಎಲ್ಲ ಮರುಕಳಿಸುತ್ತೆ, ಹುಡುಗಿಯನ್ನು ತವರಿಗೆ ತಂದು ಬಿಡುತ್ತಾರೆ. ಈಗ ಮದುವೆಯ ಮಾತೇ ಬೇಡ. ಅವಳು ಗಟ್ಟಿಯಾದ ಮೇಲೆ, ಅವಳಿಗೆ ಬೇಕು ಅನಿಸಿದರೆ, ಹುಡುಗನ ಮನೆಯವರಿಗೆ ಎಲ್ಲ ತಿಳಿಸಿಯೇ ಮಾಡಬಹುದು. ಹಾಗೆ ಆಗಿ ಚೆನ್ನಾಗಿರುವ ಜೋಡಿಗಳು ಇದ್ದಾರೆ.

ಅಮ್ಮನಿಗೆ, ಮಾವನಿಗೆ ಒಂದು ಸಿನಿಮಾ ತೋರಿಸಲೇಬೇಕು ಅಂದರೆ ಹಿಂದಿಯದು ಬೇಡ. ‘ಶರಪಂಜರ’ ತೋರಿಸಿ. ತ್ರಿವೇಣಿ ಅವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ಕಲ್ಪನಾ ಅವರ ಕಾವೇರಿ. ಎಪ್ಪತ್ತರ ದಶಕದ ಆರಂಭದ ಚಿತ್ರ. ‘ವೋ ಲಮ್ಹೇ’ಗಿಂತ ಮೂವತ್ತಕ್ಕೂ ಹೆಚ್ಚು ವರ್ಷ ಹಳೆಯದು, ಆದರೆ ಕಾಯಿಲೆಯ ವಿಷಯದಲ್ಲಿ ಅದಕ್ಕಿಂತ ಎಷ್ಟೋ ಮುಂದೆ ಇದೆ. ಬಾಣಂತಿಯಾದ ಮೇಲೆ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗುತ್ತಾಳೆ. ಹೌದು, ಗುಣವಾಗುತ್ತಾಳೆ, ಚಿತ್ರ ಅದನ್ನು ಸ್ಪಷ್ಟವಾಗಿ ಹೇಳುತ್ತೆ. ಮನೆಗೆ ಬಂದ ಮೇಲೆ ಅವಳು ನಕ್ಕರೂ ಹುಚ್ಚು, ಅತ್ತರೂ ಹುಚ್ಚು. ಗಂಡ ದೂರ, ನೆರೆಯವರ ಪಿಸುಮಾತು. ಅವಳನ್ನು ಮತ್ತೆ ಆಸ್ಪತ್ರೆಗೆ ಕಳಿಸಿದ್ದು ಕಾಯಿಲೆ ಅಲ್ಲ, ಮನೆ. ನನ್ನ ವೃತ್ತಿಯಲ್ಲಿ ನಾನು ನೋಡಿದ ಮರುಕಳಿಕೆಗಳಲ್ಲಿ ಎಷ್ಟೋ ಹೀಗೇ. ಮನೆಯವರ ಚುಚ್ಚುಮಾತು, ಸಿಟ್ಟು, ಹಾಗೇ ವಿಪರೀತ ಕಾವಲು ಕೂಡ ಈ ಕಾಯಿಲೆಯನ್ನು ಮರಳಿ ಕರೆಯುತ್ತವೆ ಎಂದು ಸಂಶೋಧನೆಗಳೂ ಹೇಳುತ್ತವೆ.

ಖರ್ಚಿನ ಚಿಂತೆ ಇದ್ದರೆ ತಿಳಿದಿರಲಿ, ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆ ಇದೆ. ಜಿಲ್ಲಾ ಆಸ್ಪತ್ರೆಯಲ್ಲೂ ವಿಭಾಗ ಇದೆ. ಬೆಂಗಳೂರಿನ ನಿಮ್ಹಾನ್ಸ್ ನಿಮಗೆ ದೂರವೇನಲ್ಲ. ರಾತ್ರಿ ಹೊತ್ತು ಏನು ಮಾಡಬೇಕೋ ತೋಚದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆದರೆ ಅವಳು ನೀರನ್ನೂ ಬಿಟ್ಟರೆ, ಸಾಯುವ ಮಾತಾಡಿದರೆ, ಚಾಕು ಗೀಕು ಹತ್ತಿರ ಇಟ್ಟುಕೊಂಡಿದ್ದು ಕಂಡರೆ ಫೋನಿಗೆ ಕಾಯಬೇಡಿ. 108 ಕರೆಸಿ ನೇರ ಆಸ್ಪತ್ರೆಗೆ ಹೋಗಿ. ತಾಯತ ಕೈಯಲ್ಲೇ ಇರಲಿ, ಅದನ್ನು ಕಿತ್ತುಹಾಕಿ ಅಮ್ಮನ ಮನಸ್ಸು ನೋಯಿಸಬೇಡಿ. ಮಾತ್ರೆಗೂ ಅದಕ್ಕೂ ಜಗಳವಿಲ್ಲ.

ನಾಳೆ ಬೆಳಿಗ್ಗೆಯ ಕಾಫಿ ಹೇಗೆ ಮಾಡಬೇಕು ಅಂತಲೂ ಹೇಳಿಬಿಡುತ್ತೇನೆ. ತಂಗಿಯನ್ನು ಅಡುಗೆ ಮನೆಗೆ ಕರೆಯಿರಿ. ಬರದಿದ್ದರೆ ಬಾಗಿಲ ಹತ್ತಿರ ನಿಂತಿರಲಿ. ಹಾಲಿನ ಪ್ಯಾಕೆಟ್ಟನ್ನು ಅವಳ ಕೈಯಲ್ಲೇ ಕತ್ತರಿಸಲು ಕೊಡಿ. ಡಿಕಾಕ್ಷನ್ ಅವಳೇ ಹಾಕಿಕೊಳ್ಳಲಿ, ಸಕ್ಕರೆಯೂ. ಎರಡು ಲೋಟಕ್ಕೆ ಅವಳೇ ಬಗ್ಗಿಸಲಿ, ಯಾವುದು ನಿಮಗೆ ಅಂತ ಅವಳೇ ಹೇಳಲಿ. ಆ ಲೋಟವನ್ನು ನೀವು ಮೊದಲು ಕುಡಿಯಿರಿ. ಮಾತು ಬೇಡ. ಅವಳು ಕುಡಿಯದಿದ್ದರೂ ಬೇಸರ ಮಾಡಿಕೊಳ್ಳಬೇಡಿ. ನಾಡಿದ್ದು ಬೆಳಿಗ್ಗೆ ಮತ್ತೆ ಕರೆಯಿರಿ.